ಸುಣ್ಣದ ಗೆರೆಯ ಕೋಣೆ

"ಈ ಮನೆಗೆ ಇನ್ನೊಂದು ಕೋಣೆ ಕಟ್ಟಿಸ್ತೀನಿ," ಎಂದು ಭೂಗೋಳದ ಮೇಷ್ಟ್ರು ಭಾನುವಾರ ಬೆಳಿಗ್ಗೆ ಊಟದ ಮೇಜಿನ ತುದಿಯಲ್ಲಿ ಎದ್ದು ನಿಂತು ಘೋಷಿಸಿದರು. "ನಕ್ಷೆ ನನ್ನದು, ಲೆಕ್ಕ ನನ್ನದು, ಮೇಲ್ವಿಚಾರಣೆ ನನ್ನದು. ಕಟ್ಟಿದ ಮೇಲೆ ಕೋಣೆಯೂ ನನ್ನದೇ."

"ದುಡ್ಡು?" ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಅದೂ ನನ್ನದೇ."

"ಹಾಗಾದ್ರೆ ನಮಗ್ಯಾಕೆ ಹೇಳ್ತಿದ್ದೀರಿ?"

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದ್ದು ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಎರಡನೆಯದನ್ನು ಇಪ್ಪತ್ತೈದು ವರ್ಷದ ಹಿಂದೆಯೇ ಮಾಡಿ ನೋಡಿ ಬದುಕುಳಿದಿದ್ದರು. ಮೊದಲನೆಯದಕ್ಕೆ ಹೆದರುವುದೇಕೆ? ಅದೂ ಪೂರ್ತಿ ಮನೆಯಲ್ಲ, ಹಿತ್ತಲಿಗೆ ಅಂಟಿಕೊಂಡ ಒಂದೇ ಒಂದು ಕೋಣೆ. ಏಳು ಖಂಡಗಳನ್ನು ಕಪ್ಪುಹಲಗೆಯ ಮೇಲೆ ಒಂದೇ ಉಸಿರಿಗೆ ಬಿಡಿಸುವವರಿಗೆ ಹತ್ತು ಅಡಿ, ಹನ್ನೆರಡು ಅಡಿಯ ಆಯತ ಯಾವ ಲೆಕ್ಕ?

ಕೋಣೆ ಬೇಕಾದದ್ದು ಯಾಕೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಅವರನ್ನು ಸ್ವಾರ್ಥಿ ಎಂದುಕೊಳ್ಳುತ್ತೀರಿ. ಆ ಮನೆಯಲ್ಲಿದ್ದದ್ದು ಒಂದು ಹಜಾರ, ಮಲಗಲು ಎರಡು ಗೂಡು, ಒಂದು ಅಡುಗೆಮನೆ. ಹಜಾರದ ಒಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಇನ್ನೊಂದು ಮೂಲೆಯಲ್ಲಿ ಅತ್ತೆಯ ರೇಡಿಯೋ. ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಆದರೆ ರೇಡಿಯೋದವರು ಅಷ್ಟು ಕಷ್ಟಪಟ್ಟು ಮಾತಾಡುವಾಗ ಸಣ್ಣಗೆ ಇಡುವುದು ಮರ್ಯಾದೆಯಲ್ಲ ಎಂಬುದು ಅವರ ನಂಬಿಕೆ. ಮಗಳು ನರ್ಸಿಂಗ್ ಓದುತ್ತಿದ್ದಳು, ಮತ್ತು ಬಾಯಿಬಿಟ್ಟು ಓದದಿದ್ದರೆ ಅವಳಿಗೆ ಒಂದು ಮೂಳೆಯೂ ತಲೆಗೆ ಹತ್ತುತ್ತಿರಲಿಲ್ಲ. ಈ ಮೂರರ ನಡುವೆ ಊಟದ ಮೇಜಿನ ಮೇಲೆ ಮೇಷ್ಟ್ರು ಉತ್ತರ ಪತ್ರಿಕೆ ತಿದ್ದಬೇಕು.

ಹೋದ ಪರೀಕ್ಷೆಯಲ್ಲಿ ಒಂದು ಮಗು 'ನದಿಯು ಬೆಟ್ಟದಲ್ಲಿ ಹುಟ್ಟಿ ಸಮುದ್ರವನ್ನು ಸೇರುತ್ತದೆ' ಎಂದು ಸರಿಯಾಗಿಯೇ ಬರೆದಿತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಬೆಟ್ಟ' ಹೊಡೆದುಹಾಕಿ 'ಮೊಣಕಾಲ ಚಿಪ್ಪು' ಎಂದು ತಿದ್ದಿ ಅರ್ಧ ಅಂಕ ಕಳೆದಿದ್ದರು. ಪತ್ರಿಕೆ ಮನೆಗೆ ಹೋಯಿತು, ಅಪ್ಪನನ್ನು ಕರೆದುಕೊಂಡು ಶಾಲೆಗೆ ವಾಪಸ್ಸು ಬಂತು. ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಇದು ಯಾವ ನದಿ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದರು. ಇಪ್ಪತ್ತೆಂಟು ವರ್ಷದ ಸರ್ವಿಸ್‌ನಲ್ಲಿ ಮೇಷ್ಟ್ರಿಗೆ ಅಷ್ಟು ನಾಚಿಕೆಯಾದದ್ದಿಲ್ಲ. ನಾನು ಒಬ್ಬನೇ ಕೂರುವ ಜಾಗವೊಂದು ಈ ಭೂಮಿಯ ಮೇಲೆ ಬೇಕೇ ಬೇಕು ಎಂದು ಅಂದೇ ತೀರ್ಮಾನಿಸಿದರು.

ಮೂರು ರಾತ್ರಿ ಕೂತು ನಕ್ಷೆ ಬರೆದರು. ಎಂಥ ನಕ್ಷೆ! ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಕೆಳಗೆ ಪ್ರಮಾಣದ ಪಟ್ಟಿ, ಪಕ್ಕದಲ್ಲಿ ಚಿಹ್ನೆಗಳ ವಿವರಣೆ. ಗೋಡೆಗೆ ಕಂದು ಬಣ್ಣ, ಹಿತ್ತಲಿಗೆ ಹಸಿರು, ನೀರಿನ ತೊಟ್ಟಿಗೆ ನೀಲಿ. ಖರ್ಚಿನ ಪಟ್ಟಿ ಬೇರೆ. ಇಟ್ಟಿಗೆ, ಸಿಮೆಂಟು, ಮರಳು, ಬಾಗಿಲು, ಕಿಟಕಿ, ಕೂಲಿ, ಎಲ್ಲ ಸೇರಿ ಅವರ ಐದು ತಿಂಗಳ ಸಂಬಳ. ಮೇಷ್ಟ್ರು ಖರ್ಚನ್ನು ಸಂಬಳದ ತಿಂಗಳುಗಳಲ್ಲೇ ಅಳೆಯುತ್ತಿದ್ದರು, ಯಾಕೆಂದರೆ ನೋವು ಸರಿಯಾಗಿ ಗೊತ್ತಾಗುವುದು ಆ ಅಳತೆಯಲ್ಲೇ.

ಗಾರೆ ಮೇಸ್ತ್ರಿ ಬಂದ. ನಲವತ್ತು ವರ್ಷ ಇಟ್ಟಿಗೆ ಜೋಡಿಸಿದ ಮನುಷ್ಯ, ಮಾತು ಕಡಿಮೆ. ನಕ್ಷೆಯನ್ನು ಉದ್ದಕ್ಕೆ ಹಿಡಿದು ನೋಡಿದ, ಅಡ್ಡಕ್ಕೆ ಹಿಡಿದು ನೋಡಿದ.

"ಚೆನ್ನಾಗಿದೆ ಸರ್. ಚಾವಣಿ ಎಲ್ಲಿ?"

ಮೇಷ್ಟ್ರು ಖರ್ಚಿನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಕೆಳಗಿಂದ ಮೇಲೆ ಓದಿದರು. ಚಾವಣಿ ಇರಲಿಲ್ಲ.

"ಇವರ ಪಾಠದಲ್ಲಿ ಮೇಲೆ ಇರೋದು ಆಕಾಶ ತಾನೇ," ಎಂದಳು ಹೆಂಡತಿ, ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ಬಿಡಿಸುತ್ತಾ.

ಚಾವಣಿಗೆ ಎರಡು ತಿಂಗಳು. ನೆಲದೊಳಗೆ ಹಾಕುವ ಪಾಯವೂ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೆ ಒಂದು ತಿಂಗಳು. ಅಲ್ಲಿಗೆ ಎಂಟು. ಅಷ್ಟರಲ್ಲಿ ಮೇಸ್ತ್ರಿ ಕಂದು ಗೆರೆಯ ಮೇಲೆ ಬೆರಳಿಟ್ಟ.

"ಗೋಡೆ ಇಷ್ಟೇ ತೆಳ್ಳಗಾ ಸರ್?"

"ಅದು ಗಡಿ. ಗಡಿಗೆ ದಪ್ಪ ಇರಲ್ಲ."

"ಗೋಡೆಗೆ ಇರುತ್ತೆ. ಒಂಬತ್ತು ಇಂಚು. ಈ ಕಡೆ ಒಂಬತ್ತು, ಆ ಕಡೆ ಒಂಬತ್ತು. ಒಂದೂವರೆ ಅಡಿ ಗೋಡೆಯೇ ತಿನ್ನುತ್ತೆ."

ಮೇಷ್ಟ್ರ ಮುಖ ಸಪ್ಪೆಯಾದದ್ದನ್ನು ಕಂಡು ಮೇಸ್ತ್ರಿಗೆ ಕನಿಕರ ಬಂತು. "ಒಂದು ಮಾತು ಹೇಳ್ಲಾ ಸರ್? ಮೊದಲು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೀರಿ. ಮೇಜು ಕುರ್ಚಿ ಇಟ್ಕೊಂಡು ಎಂಟು ದಿನ ಅದರೊಳಗೆ ಬದುಕಿ. ಎಲ್ಲಿ ಇಕ್ಕಟ್ಟು, ಎಲ್ಲಿ ಬಿಸಿಲು ಅಂತ ಗೊತ್ತಾಗುತ್ತೆ. ಸುಣ್ಣದಲ್ಲಿ ಮನಸ್ಸು ಬದಲಾದ್ರೆ ಒಂದು ಹಿಡಿ ಪುಡಿ ಖರ್ಚು. ಇಟ್ಟಿಗೆಯಲ್ಲಿ ಬದಲಾದ್ರೆ ನಿಮ್ಮ ಒಂದು ತಿಂಗಳು."

ಸಲಹೆ ಮೇಷ್ಟ್ರಿಗೆ ಬಹಳ ಹಿಡಿಸಿತು. ಶಾಲೆಯ ಆಟದ ಮೇಷ್ಟ್ರ ಹತ್ತಿರ ಮೈದಾನಕ್ಕೆ ಗೆರೆ ಹಾಕುವ ಗಾಲಿ ಡಬ್ಬಿಯಿತ್ತು. ಅದನ್ನೂ ಎರಡು ಮೂಟೆ ಸುಣ್ಣದ ಪುಡಿಯನ್ನೂ ತಂದು ಹಿತ್ತಲಲ್ಲಿ ತಳ್ಳಿಕೊಂಡು ಹೋದರು. ಬಿಳಿ ಬಿಳಿಯಾಗಿ, ನೇರವಾಗಿ, ಒಂದು ಕೋಣೆ ಎದ್ದು ನಿಂತಿತು, ಅಂದರೆ ಮಲಗಿತು. ಒಂದು ಕಡೆ ಮೂರು ಅಡಿ ಗೆರೆ ಬಿಟ್ಟು ಬಾಗಿಲು ಎಂದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಯಾವ ಆಟ ಸರ್? ಎಷ್ಟು ಜನ ಬೇಕು?" ಎಂದು ಕೇಳಿದರು.

"ಒಬ್ಬನೇ," ಎಂದರು ಮೇಷ್ಟ್ರು, ಹೆಮ್ಮೆಯಿಂದ.

ಮೇಜು ಬಂತು, ಕುರ್ಚಿ ಬಂತು, ಉತ್ತರ ಪತ್ರಿಕೆ ಹಾರದಂತೆ ನಾಲ್ಕು ಕಲ್ಲು ಬಂದವು. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಿಯಮ ಓದಿದರು. ಒಳಗೆ ಬರುವವರು ಬಾಗಿಲಿನಿಂದಲೇ ಬರಬೇಕು. ಬರುವ ಮುಂಚೆ ಕೆಮ್ಮಬೇಕು. ಕೆಲಸವಿಲ್ಲದೆ ಬರಲೇಬಾರದು.

ಅರ್ಧ ಗಂಟೆ ಸ್ವರ್ಗ. ಆಮೇಲೆ ಹೆಂಡತಿ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಪೂರ್ವದ ಗೋಡೆಯನ್ನು ತೂರಿಕೊಂಡು ಬಂದಳು.

"ಅಲ್ಲಿ ಗೋಡೆ ಇದೆ."

"ನನ್ನ ಬಟ್ಟೆ ಹಗ್ಗ ನಿಮ್ಮ ಕೋಣೆ ಒಳಗಿದೆ. ಗೋಡೆ ಸುತ್ತಿಕೊಂಡು ಬಂದು ಕೆಮ್ಮಲಾ?" ಬಟ್ಟೆ ಹರವಿ ಮುಗಿಸಿ ಅವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. "ಏನ್ರೀ, ಎಷ್ಟು ಬೆಳಕು ಇಲ್ಲಿ. ಹಜಾರದಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಕಾಣಿಸಲ್ಲ ನಂಗೆ. ಯಂತ್ರ ಎಷ್ಟು ದೊಡ್ಡದು? ಒಂದು ಮೂಲೆ ಸಾಕು."

ಮೂಲೆ ತಾನೇ ಎಂದು ಮೇಷ್ಟ್ರು ಒಪ್ಪಿದರು. ಬೆರಳು ತೋರಿಸಿದರೆ ಹಸ್ತ ನುಂಗುವವರು ಎಲ್ಲ ಕಡೆ ಇರುತ್ತಾರೆ, ಆದರೆ ಒಂದೇ ಮನೆಯಲ್ಲಿ ಮೂವರು ಇರುವುದು ಅಪರೂಪ. ಯಂತ್ರದ ಜೊತೆಗೆ ಬಟ್ಟೆ ಕತ್ತರಿಸುವ ಹಲಗೆ ಬಂತು, ಹಲಗೆಗೆ ಜಾಗ ಸಾಲದೆ ಪೂರ್ವದ ಗೋಡೆ ಮೂರು ಅಡಿ ಆಚೆಗೆ ಹೋಯಿತು. ಹೆಂಡತಿ ಚಪ್ಪಲಿಯಿಂದ ಹಳೆಯ ಗೆರೆ ಅಳಿಸಿ, ಡಬ್ಬಿ ತಳ್ಳಿ ತಾನೇ ಹೊಸ ಗೆರೆ ಎಳೆದಳು. ಮೇಷ್ಟ್ರಿಗಿಂತ ನೇರವಾಗಿ ಎಳೆದಳು ಎಂಬುದು ಅವರಿಗೆ ಹೆಚ್ಚು ನೋವಾದ ವಿಷಯ.

ಎರಡನೆಯ ದಿನ ಅತ್ತೆ ಗಾಳಿ ಚೆನ್ನಾಗಿದೆ ಎಂದು ರೇಡಿಯೋ ಸಮೇತ ಬಂದು ಕೂತರು. ಕೂತವರು, "ಅಳಿಯಂದ್ರೇ, ಈ ವಯಸ್ಸಲ್ಲಿ ಸ್ನಾನದ ಮನೆಗೆ ಅಷ್ಟು ದೂರ ನಡೆಯಕ್ಕಾಗಲ್ಲ. ಇಲ್ಲೇ ಪಕ್ಕದಲ್ಲಿ ಒಂದು ಸಣ್ಣದು ಆಗಲಿ," ಎಂದರು. ಆಯಿತು. ಮೂರನೆಯ ದಿನ ಮಗಳು ಕಾಲೇಜಿನಿಂದ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ತಂದಳು. ಅದನ್ನು ಮನೆಯೊಳಗೆ ನಿಲ್ಲಿಸಲು ಅಜ್ಜಿ ಬಿಡಲಿಲ್ಲ. ಅದಕ್ಕೂ ಒಂದು ಗೂಡು ಬಂತು, ಎರಡು ಅಡಿ ಅಗಲ, ಆರು ಅಡಿ ಎತ್ತರ. ಎತ್ತರವನ್ನು ಸುಣ್ಣದಲ್ಲಿ ತೋರಿಸಲು ಆಗಲಿಲ್ಲವಾದ್ದರಿಂದ ಎಲ್ಲರೂ ಊಹಿಸಿಕೊಂಡರು.

ನಾಲ್ಕನೆಯ ದಿನ ಮೇಸ್ತ್ರಿ ದಾರಿಯಲ್ಲಿ ಹೋಗುತ್ತಾ ಒಳಗೆ ಬಂದ. ಹೆಜ್ಜೆಯಲ್ಲಿ ಅಳೆದ, ಬೆರಳು ಮಡಿಸಿದ.

"ಹದಿನಾಲ್ಕು ಆಗುತ್ತೆ ಸರ್."

"ಹದಿನಾಲ್ಕು ಅಡಿಯಾ?"

"ತಿಂಗಳು."

ಆ ಸಂಜೆ ಮೇಷ್ಟ್ರು ಹಕ್ಕು ಚಲಾಯಿಸಿದರು. ಇರುವ ಜಾಗದಲ್ಲೇ ಎಲ್ಲರೂ ಹೊಂದಿಕೊಳ್ಳಬೇಕು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಗುಡುಗಿ, ಡಬ್ಬಿ ತಳ್ಳಿಕೊಂಡು ಕೋಣೆಯೊಳಗೇ ಗಡಿಗಳನ್ನು ಎಳೆದರು. ಇದು ಹೊಲಿಗೆಯ ಪ್ರಾಂತ, ಇದು ಅತ್ತೆಯ ಪ್ರಾಂತ, ಇದು ಮೂಳೆಗಳದ್ದು. ಎಲ್ಲ ಎಳೆದು ಮುಗಿದಾಗ ಅವರು ನಿಂತಿದ್ದ ಜಾಗದ ನಾಲ್ಕೂ ಕಡೆ ಬೇರೆಯವರ ಗಡಿ. ಮೇಜು ಹಿಡಿಸುತ್ತಿತ್ತು. ಕುರ್ಚಿ ಹಿಡಿಸುತ್ತಿರಲಿಲ್ಲ.

"ಅಪ್ಪಾ, ನೀವು ನಿಂತಿರೋದು ದ್ವೀಪ," ಎಂದಳು ಮಗಳು. "ಸುತ್ತ ನಾವೇ."

ಮೇಷ್ಟ್ರಿಗೆ ನಿಜವಾಗಿ ದುಃಖವಾಯಿತು. ಕೋಪ ಬೇರೆ, ದುಃಖ ಬೇರೆ. ತಾನೇ ಕನಸು ಕಂಡ ಕೋಣೆಯಲ್ಲಿ ತನಗೊಂದು ಕುರ್ಚಿಗೆ ಜಾಗವಿಲ್ಲ. ಉತ್ತರ ಪತ್ರಿಕೆಗಳ ಕಟ್ಟು ಎತ್ತಿಕೊಂಡು, ಮುಖ ಊದಿಸಿಕೊಂಡು ಮನೆಯೊಳಗೆ ಹೋಗಿ ಹಳೆಯ ಊಟದ ಮೇಜಿನ ಮುಂದೆ ಕೂತರು.

ಒಂದು ಪತ್ರಿಕೆ ತಿದ್ದಿದರು. ಎರಡು ತಿದ್ದಿದರು. ಹನ್ನೆರಡನೆಯದನ್ನು ತಿದ್ದುವಾಗ ಏನೋ ಸರಿಯಿಲ್ಲ ಅನ್ನಿಸಿ ತಲೆಯೆತ್ತಿದರು. ಹಜಾರದಲ್ಲಿ ಯಂತ್ರವಿಲ್ಲ, ರೇಡಿಯೋ ಇಲ್ಲ, ಮೂಳೆಗಳಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿದೆ. ಮೂವರೂ ಸಾಮಾನು ಸಮೇತ ಹಿತ್ತಲಿಗೆ ವಲಸೆ ಹೋಗಿದ್ದಾರೆ, ಇಡೀ ಮನೆ ತನ್ನೊಬ್ಬನದೇ! ಹತ್ತಕ್ಕೆ ಹನ್ನೆರಡು ಅಡಿ ಕೇಳಿದವನಿಗೆ ಹಜಾರ, ಎರಡು ಗೂಡು, ಅಡುಗೆಮನೆ ಎಲ್ಲ ದಕ್ಕಿದೆ, ಎರಡು ಮೂಟೆ ಸುಣ್ಣದ ಖರ್ಚಿನಲ್ಲಿ. ತನ್ನ ಜಾಣತನಕ್ಕೆ ತಾನೇ ಬೆರಗಾಗಿ ಮೇಷ್ಟ್ರು ಆ ಸಂಜೆ ನಲವತ್ತು ಪತ್ರಿಕೆ ತಿದ್ದಿ ಮುಗಿಸಿದರು. ಎಲ್ಲ ನದಿಗಳೂ ಬೆಟ್ಟದಲ್ಲೇ ಹುಟ್ಟಿದವು.

ಐದನೆಯ ದಿನ ಶಾಲೆಯಿಂದ ಬಂದವರೇ ಮನೆಯ ಮಧ್ಯೆ ಕುರ್ಚಿ ಹಾಕಿಕೊಂಡು ರಾಜನಂತೆ ಕೂತರು. ಒಂದು ಗಂಟೆಯಾದ ಮೇಲೆ ಟೀ ಕುಡಿಯೋಣ ಅನ್ನಿಸಿ ಹಿತ್ತಲಿಗೆ ಹೋದರು. ಗೆರೆಯ ಹತ್ತಿರ ಕೆಮ್ಮಿದರು.

"ಯಾರದು?" ಎಂದರು ಅತ್ತೆ, ಎದುರಿಗೇ ಕಾಣುತ್ತಿದ್ದರೂ.

"ನಾನು."

"ಕೆಲಸ ಏನು?"

"ಟೀ."

"ಅಡುಗೆಮನೆ ನಿಮ್ಮ ಕಡೆ ಇದೆಯಲ್ಲ," ಎಂದಳು ಹೆಂಡತಿ. ಮಾತು ನಿಜ. ಮೇಷ್ಟ್ರು ಒಳಗೆ ಹೋಗಿ ತಾವೇ ಟೀ ಮಾಡಿಕೊಂಡರು. ಕುಡಿಯುವಾಗ ಹಿತ್ತಲಿನಿಂದ ಜೋರು ನಗು ಕೇಳಿಸಿತು. ಯಾಕೆ ನಕ್ಕರು? ತನ್ನ ಬಗ್ಗೆಯೇ? ಪೆನ್ನು ಹುಡುಕುವ ನೆಪದಲ್ಲಿ ಹೋದರು. ಪೆನ್ನು ಅಲ್ಲಿರಲಿಲ್ಲ, ಜೇಬಿನಲ್ಲಿತ್ತು. ಆರನೆಯ ದಿನ ಗಂಟೆ ಎಷ್ಟು ಎಂದು ಕೇಳಲು ಹೋದರು. ಮಳೆ ಬರುವ ಹಾಗಿದೆಯಾ ನೋಡಲು ಹೋದರು. ಒಂದು ಮಗು ಮರುಭೂಮಿಯ ಬಗ್ಗೆ ತಮಾಷೆಯಾಗಿ ಬರೆದದ್ದನ್ನು ಓದಿ ಹೇಳಲು ಹೋದರು. ಏಳನೆಯ ದಿನ ಮಗಳಿಂದ ಮೂಳೆ ಪಾಠ ಒಪ್ಪಿಸಿಕೊಳ್ಳಲು ತಾವೇ ಪುಸ್ತಕ ಹಿಡಿದು ಗೆರೆಯಾಚೆ ನಿಂತರು. ಪ್ರತಿ ಸಲವೂ ಕೆಮ್ಮಿದರು. ಕೊನೆಗೆ ಅತ್ತೆ ಅಳಿಯಂದಿರ ಕೆಮ್ಮಿಗೊಂದು ಕಷಾಯ ಮಾಡಿಕೊಡಲು ತಮ್ಮ ಮಗಳಿಗೆ ಹೇಳಿದರು.

ಎಂಟನೆಯ ದಿನ ಮೇಸ್ತ್ರಿ ಪುಸ್ತಕ, ಪೆನ್ಸಿಲ್ಲು ಹಿಡಿದು ಬಂದ. ಮೇಷ್ಟ್ರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು.

"ಮೇಸ್ತ್ರಿ, ತುಂಬ ಯೋಚನೆ ಮಾಡಿದೆ. ನನಗೆ ಮನೆಯೇ ಸಾಕು. ಕೋಣೆಯನ್ನು ಇವರಿಗೆ ಬಿಟ್ಟುಕೊಡ್ತೀನಿ. ಹದಿನಾಲ್ಕು ತಿಂಗಳಾದ್ರೂ ಆಗಲಿ, ಕಟ್ಟಿಬಿಡು. ನಾನೊಬ್ಬ ಏಕಾಂತದಲ್ಲಿ ಇರಬೇಕಾದ ಮನುಷ್ಯ. ಅದಕ್ಕೆ ಬೆಲೆ ಕಟ್ಟಬಾರದು."

ಮೇಸ್ತ್ರಿ ತಲೆಯಾಡಿಸಿ ಒಂದೊಂದಾಗಿ ಕೇಳುತ್ತಾ ಬರೆದುಕೊಂಡ. ಕಿಟಕಿ ಎಷ್ಟು, ಅಟ್ಟ ಬೇಕಾ, ನೆಲಕ್ಕೆ ಯಾವ ಕಲ್ಲು. ಎಲ್ಲಕ್ಕೂ ಹೆಂಡತಿಯೇ ಉತ್ತರಿಸಿದಳು. ಕೊನೆಗೆ ಅವನು ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ, "ಬಾಗಿಲಿಗೆ ಚಿಲಕ ಯಾವ ಕಡೆ ಹಾಕ್ಲಿ? ಈ ಮನೆ ಕಡೆಗಾ, ಕೋಣೆ ಒಳಗಡೆಗಾ?" ಎಂದ.

"ಮನೆ ಕಡೆಗೆ," ಎಂದರು ಮೇಷ್ಟ್ರು ತಕ್ಷಣ. "ನನಗೆ ಕೆಲಸ ಇರುತ್ತೆ. ಗಲಾಟೆ ಆದಾಗ ನಾನು ಹಾಕ್ಕೋತೀನಿ."

ಹೆಂಡತಿ ಯಂತ್ರ ನಿಲ್ಲಿಸಿದಳು. ಅತ್ತೆ, ಜೀವಮಾನದಲ್ಲಿ ಮೊದಲ ಸಲ, ರೇಡಿಯೋ ಸಣ್ಣಗೆ ಮಾಡಿದರು.

"ಒಳಗಡೆ ಹಾಕಿ ಮೇಸ್ತ್ರಿ," ಎಂದಳು ಹೆಂಡತಿ. "ನಿನ್ನೆ ಒಂದೇ ದಿನ ಹನ್ನೊಂದು ಸಲ ಬಂದಿದ್ರು. ನಮಗೂ ಕೆಲಸ ಇರುತ್ತೆ."

ಮೇಷ್ಟ್ರು ಕೆಮ್ಮಿದರು. ಮೇಸ್ತ್ರಿ ಒಮ್ಮೆ ಅವರ ಮುಖ ನೋಡಿ, 'ಚಿಲಕ, ಒಳಗಡೆ' ಎಂದು ಬರೆದುಕೊಂಡ. ಆಮೇಲೆ ಸ್ವಲ್ಪ ಯೋಚಿಸಿ, ಪಕ್ಕದಲ್ಲಿ 'ದೊಡ್ಡದು' ಎಂದು ಸೇರಿಸಿದ.