ನಗಿಸುವ ಜೋಡಿಯ ನಗದ ನಮ್ಮವರು

ನಮ್ಮ ಯಜಮಾನರ ಮುಖ ಕಂಡವರು ಮೊದಲು ಕೇಳುವ ಮಾತು, "ಯಾರು ತೀರಿಕೊಂಡಾರ್ರಿ?" ಏನು ಮಾಡುವುದು, ಆ ಮುಖವೇ ಅವರ ಕಸುಬು! ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ನಾಟಕಗಳ ನಡುವೆ ಮೂವತ್ತು ವರ್ಷ ನಗಿಸಿದ ಜೋಡಿಯಲ್ಲಿ ಒಬ್ಬರು ಅವರು. ಆಳಿನ ಪಾತ್ರದ ಗೆಳೆಯ ನಗಿಸುವವ. ಗೌಡರ ಪಾತ್ರದ ನಮ್ಮವರು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಂಬದಂತೆ ನಿಲ್ಲುವವರು. ಜನ ಬಿದ್ದು ಬಿದ್ದು ನಗುವಾಗ ಇವರ ಮೀಸೆಯೂ ಅಲುಗಬಾರದು. ಅಲುಗಿದರೆ ನಗೆಯೆಲ್ಲ ಸೋರಿಹೋಗುತ್ತದಂತೆ!

ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ನನಗೇನು ತಿಳಿಯಬೇಕು? "ಬರೇ ನಿಂದ್ರೂದು ಏನ ದೊಡ್ಡ ಕೆಲಸರಿ?" ಎಂದೆ ಒಮ್ಮೆ.

"ನೀ ಒಂದೀಟು ನಿಂತು ತೋರಿಸು" ಎಂದು ನನ್ನನ್ನು ಎದುರು ನಿಲ್ಲಿಸಿಕೊಂಡು ನೋಡಿದರು ನೋಡಿ, ಹಂಚಿನ ಮೇಲಿನ ರೊಟ್ಟಿ ಸೀದುಹೋಗುವ ತನಕ ನಕ್ಕೆ!

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಜನ ಗೆಳೆಯನನ್ನು ಮುತ್ತಿ ಚಹಾ ಕುಡಿಸಿದರು. ಒಬ್ಬ ಇವರತ್ತ ತಿರುಗಿ, "ನೀವು ಇವರ ಸಾಮಾನು ಹೊರಾವ್ರೇನ್ರಿ?" ಎಂದ. ಇವರು "ಹೌದ್ರಿ" ಎಂದು ಗೆಳೆಯನ ಟ್ರಂಕು ಎತ್ತಿಕೊಂಡೇ ನಡೆದರು! ಮೈ ಉರಿದದ್ದು ನನಗೆ.

ಆಮೇಲೆ ಆ ಗೆಳೆಯನಿಗೆ ಲಕ್ವ ಹೊಡೆಯಿತು. ನಾಲಗೆ ತೊದಲಿತು. "ನಂದು ಮುಗೀತು" ಎಂದವನು ಮನೆಯವರೊಡನೆಯೂ ಮಾತು ಬಿಟ್ಟ. ಇವರು ಬಿಡಬೇಕಲ್ಲ! ಮುದ್ದೇಬಿಹಾಳದಲ್ಲಿ ನಮ್ಮ ಮೊಮ್ಮಗಳ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಕೈಹಿಡಿದು ಕರೆತಂದೇಬಿಟ್ಟರು. "ಈಗ ನಮ್ಮ ಅಜ್ಜಾರು, ಅವರ ದೋಸ್ತರು!" ಎಂದು ಮೈಕಿನಲ್ಲಿ ಕೂಗಿದವಳು ಯಾರು ಗೊತ್ತೇ? ನನ್ನ ಮೊಮ್ಮಗಳು! ಸಂತೋಷ ತಡೆಯದೆ ಪಕ್ಕದವಳ ತೊಡೆಗೆ ಬಾರಿಸಿದೆ.

"ಎತ್ತಿಗೆ ನೀರು ಕುಡಿಸಿದೇನೋ?" ವೇದಿಕೆಯ ಮೇಲೆ ನಿಂತು ಹಳೆಯ ಆಟದ ಪ್ರಶ್ನೆ ಕೇಳಿದರು ನಮ್ಮವರು.

ಗೆಳೆಯನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಇವರು ನಿಂತೇ ಇದ್ದರು. ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಅವನ ಕಿವಿಯ ಹತ್ತಿರ ಹೋಗಿ ಕೇಳಿದರು. ಇದೂ ಆಟವೆಂದು ತಿಳಿದ ಮಕ್ಕಳು ಕಿಸಕ್ಕೆಂದವು. ನಾಲ್ಕನೆಯ ಸಲ ತೊದಲುತ್ತ ಬಂತು:

"ಎತ್ತು ಮಕ್ಕೊಂಡಿತ್ರಿ ಗೌಡ್ರ... ಎಬ್ಬಿಸಿದ್ರ ಪಾಪ ಅಂತ... ನಾನೂ ಬಾಜೂಕ ಮಕ್ಕೊಂಡ್ನಿರಿ!"

ಪೆಂಡಾಲು ಹಾರಿಹೋಗುವಂಥ ನಗೆ!

ಗೆಳೆಯನನ್ನು ಅವನ ಮನೆಗೆ ಬಿಟ್ಟು ಬರುವ ದಾರಿಯಲ್ಲಿ ನಾನು ಜಗಳ ತೆಗೆದೆ. "ಮೂವತ್ತು ವರ್ಷ ಕೇಳಿದ ಉತ್ತರ ನಿಮಗ ಬರೂದಿಲ್ಲೇನು? ನೀವ ಹೇಳಿಬಿಟ್ಟಿದ್ರ ಆಗ್ತಿತ್ತಲ್ಲ! ನನ್ನ ಜೀವ ಬಾಯಿಗೆ ಬಂದಿತ್ತು."



"ನಾ ಹೇಳಿದ್ರ ಮಂದಿ ನಗ್ತಿದ್ರು, ಖರೆ," ಎಂದರು. "ಆದ್ರ ಅಂವಾ ಇನ್ನ ಎಂದೂ ಬಾಯಿ ತೆರೀತಿರಲಿಲ್ಲ."