ಟೀಪಾಯಿಯ ನಾಲ್ಕು ಅಂಕಿ ಅಳಿಸಿದ ಗಾಳಿರಾಯರಿಗೆ

ಮಾನ್ಯ ಗಾಳಿರಾಯರೇ,

ನಂದಿದುರ್ಗ ಗಣಿಕಾರ್ಮಿಕರ ಲೈನಿನ ಸಿಂಧು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂಬುದು ನಮ್ಮ ಮನೆಯ ನೆಲ ನೋಡಿದರೇ ತಿಳಿಯುತ್ತದೆ.

ಕಾಮಸಮುದ್ರದ ಕಡೆಯ ಬಂಡೆಗಳನ್ನು ಮಳೆರಾಯರೊಂದಿಗೆ ಸೇರಿ ಕೋಟ್ಯಂತರ ವರ್ಷ ಉಜ್ಜಿ ಉಜ್ಜಿ ಮುದ್ದೆಯಂತೆ ಗುಂಡಗೆ ಮಾಡಿದವರು ತಾವು. ನಮ್ಮ ತಾತಂದಿರು ಗಣಿಯ ಕಲ್ಲನ್ನು ಅರೆದು, ಸೈನೈಡ್ ಹಾಕಿ ಚಿನ್ನ ಸೋಸಿ, ಉಳಿದ ಪುಡಿಯನ್ನು ಗುಡ್ಡದಷ್ಟು ಸುರಿದು ಸೈನೈಡ್ ದಿಬ್ಬ ಎಂದರು. ಮಳೆರಾಯರು ಅದನ್ನು ಕೊರೆದು ಕೊಟ್ಟರೆ ತಾವು ಹೊತ್ತು ತಂದು ನಮ್ಮ ನಡುಮನೆಯಲ್ಲಿ ಮರಿದಿಬ್ಬ ಕಟ್ಟುತ್ತೀರಿ. ರಜೆಯಿಲ್ಲ, ಲಂಚವಿಲ್ಲ! ಇಂಥ ನಿಷ್ಠೆ ಯಾವ ಕಚೇರಿಯಲ್ಲಿದೆ?

ಆಷಾಢಕ್ಕೆ ಇನ್ನೂ ಹದಿನೈದು ದಿನವಿದ್ದರೂ ತಾವು ಕಳೆದ ಭಾನುವಾರವೇ ದಯಮಾಡಿಸಿದಿರಿ. ಅಂದೇ ನನ್ನನ್ನು ನೋಡಲು ಬಂಗಾರಪೇಟೆಯಿಂದ ವೇಣುಗೋಪಾಲ್ ಮನೆಯವರೊಂದಿಗೆ ಬಂದಿದ್ದರು. ಅಮ್ಮ ಮೂರು ಸಲ ಒರೆಸಿದ ಟೀಪಾಯಿಗೆ ತಾವು ನಾಲ್ಕನೇ ಸಲ ಧೂಳು ಹಾಸಿದಿರಿ. ದೊಡ್ಡವರ ಮುಂದೆ ನನಗೆ ಮಾತೇ ಹೊರಡಲಿಲ್ಲ. "ಉಡುಗಿ ಬಾಯೇ ಬಿಡ್ಲಿಲ್ಲವಲ್ಲಮ್ಮಾ, ಇಷ್ಟ ಐತೋ ಇಲ್ವೋ. ಸುಕ್ರವಾರ ಮಾಲೂರಲ್ಲಿ ಇನ್ನೊಂದು ಉಡುಗೀನ ನೋಡೋಕೆ ಓಗ್ತೀವಿ" ಎಂದರು ಅವರ ತಾಯಿ. ಆಗ ವೇಣುಗೋಪಾಲ್ ಕಾಫಿ ಲೋಟ ಇಡುವ ನೆಪದಲ್ಲಿ ಬಗ್ಗಿ, ಆ ಧೂಳಿನ ಮೇಲೆ ಬೆರಳಲ್ಲಿ ತಮ್ಮ ಫೋನ್ ನಂಬರ್ ಬರೆದು ನನ್ನತ್ತ ನೋಡಿದರು. ಎಲ್ಲರೂ ಎದ್ದರು, ಬಾಗಿಲು ತೆರೆಯಿತು, ತಾವು ಒಳಬಂದಿರಿ. ಕೊನೆಯ ನಾಲ್ಕು ಅಂಕಿ ಮಾಯ. ಬಂಡೆಯ ಮುಂದೆ ಕೋಟಿ ವರ್ಷ ಕಾದವರಿಗೆ, ನಾನು ಪೆನ್ನು ತರುವವರೆಗೆ ಕಾಯಲಾಗಲಿಲ್ಲವೇ?

ಊಹಿಸಿ ಊಹಿಸಿ ಹನ್ನೊಂದು ಫೋನ್ ಮಾಡಿದೆ. ಒಬ್ಬರು "ನಾಟಿ ಕೋಳಿನಾ, ಫಾರಮ್ದಾ?" ಎಂದು ಕೇಳಿದರು. ಮದುವೆ ದಲ್ಲಾಳಿ ಮುನಿನಾರಾಯಣಪ್ಪನವರನ್ನು ನಂಬರ್ ಕೇಳಿದರೆ ಸಂಜೆಯೊಳಗೆ ಇಡೀ ಲೈನಿಗೇ ಸುದ್ದಿ. ವೇಣುಗೋಪಾಲ್ ನನಗೆ ಇಷ್ಟ, ಗಾಳಿರಾಯರೇ. ಅಮ್ಮನಿಗೂ ಹೇಳದ ಮಾತನ್ನು ತಮಗೆ ಹೇಳುತ್ತಿದ್ದೇನೆ.

ಆದ್ದರಿಂದ ಆ ನಾಲ್ಕು ಅಂಕಿಗಳನ್ನು ಅದೇ ಧೂಳಿನಲ್ಲಿ, ಅದೇ ಸಾಲಿನಲ್ಲಿ ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಆಗದಿದ್ದರೆ ನನ್ನ ಒಂದು 'ಹೂಂ' ಅನ್ನು ದಾರಿಯಲ್ಲಿ ಚೆಲ್ಲದೆ ಬಂಗಾರಪೇಟೆಗೆ ಮುಟ್ಟಿಸಿ. ಅದೂ ಆಗದಿದ್ದರೆ, ಭೂಮಿಯೊಳಗಿಂದ ಬೆಟ್ಟ ಎಬ್ಬಿಸುವ ಹಿರಿಯರಿಗೆ ಶಿಫಾರಸು ಮಾಡಿ, ಬಂಗಾರಪೇಟೆಗೂ ಮಾಲೂರಿಗೂ ನಡುವೆ ಗುರುವಾರದೊಳಗೆ ಒಂದು ಹಿಮಾಲಯ ಹಾಕಿಸಿಕೊಡಿ.

ತಮ್ಮ ವಿಶ್ವಾಸಿ,
ಪೊರಕೆ ಹಿಡಿದೇ ಸಹಿ ಮಾಡಿರುವ
ಸಿಂಧು

ಮರೆತ ಮಾತು: ಹಿಮಾಲಯ ಬೇಡ. ಫೋನ್ ಬರಲಿಲ್ಲವೆಂದು ವೇಣುಗೋಪಾಲ್ ತಾವೇ ಬೈಕಿನಲ್ಲಿ ಬಂದು ಕೂತಿದ್ದಾರೆ, ತಲೆಯಲ್ಲಿ ಅರ್ಧ ದಿಬ್ಬ ಹೊತ್ತು. ಅಮ್ಮ ಎದುರಿಗೇ ಇರುವುದರಿಂದ ನನ್ನ ಉತ್ತರವನ್ನು ಟೀಪಾಯಿಯ ಧೂಳಿನಲ್ಲೇ ಬರೆದಿದ್ದೇನೆ. ಅವರು ಓದುತ್ತಿದ್ದಾರೆ. ಕಿಟಕಿ, ಬಾಗಿಲು ಎರಡನ್ನೂ ಹಾಕಿದ್ದೇನೆ. ತಾವು ದಯವಿಟ್ಟು ಹೊರಗೇ ಕಾಯಿರಿ.