ಗಾದಿ ಬಿಟ್ಟು ಎದ್ದ ಯಜಮಾನ್ರು

ಅಳೋ ಹೊತ್ತಿನ್ಯಾಗ ನಗು ಬರೋದು, ನಗೋ ಹೊತ್ತಿನ್ಯಾಗ ಕಣ್ಣೀರು ಬರೋದು ನಮ್ಮ ಮನ್ಯಾಗ ಈಗ ದಿನದ ಮಾತಾಗೈತಿ. ನಮ್ಮ ಯಜಮಾನ್ರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗಿ, ಆಪರೇಷನ್ ಆಗಿ, ಅವರು ಮನಿಗೆ ಬಂದಾಗಿಂದ ಹಿಂಗಾ. ಕೊಟ್ಟೂರಿನ್ಯಾಗ ನಮ್ಮದು ಬಟ್ಟಿ ಅಂಗಡಿ. ಅವರಿಗೆ ಅಂಗಡಿ ಚಿಂತಿ. ನನಗಿದ್ದದ್ದು ಒಂದಾ ಚಿಂತಿ, ಅದು ಮತ್ತ ಬರಬಾರದು.

ಲಕ್ಷ್ಮಿ

ಆಪರೇಷನ್ ಮಾಡಿದ ಡಾಕ್ಟ್ರು ಕೇಳಿದ್ರು, "ಏನು ಕೆಲಸ ಮಾಡ್ತೀರಿ ಯಜಮಾನ್ರೆ?"

"ಗಾದಿ ಮ್ಯಾಲೆ ಕುಂದರ್ತೀನ್ರಿ."

"ಅದಲ್ರಿ, ಕೆಲಸ?"

"ಅದಾ ಕೆಲಸ್ರಿ."

ಸುಳ್ಳಲ್ಲ ಬಿಡ್ರಿ. ಮದುವಿ ಆಗಿ ಬಂದಾಗಿಂದ ನೋಡೀನಿ. ಮುಂಜಾನಿ ಗಲ್ಲಾಪೆಟ್ಟಿಗಿ ಮುಂದಿನ ಗಾದಿ ಹತ್ತಿದ್ರ ಅಂಗಡಿ ಮುಚ್ಚೋವಾಗ ಇಳಿಯೋದು. ಸೀರಿ ತೆಗೆದು ತೋರಸಾಕ ಒಬ್ಬ, ಚಾ ತರಾಕ ಒಬ್ಬ, ಊಟದ ಡಬ್ಬಿ ಒಯ್ಯಾಕ ನಾನು. ಹೊಟ್ಟಿ ಮುಂದ ಬಂತು, ಅದರ ಬೆನ್ನಿಗೆ ಸಕ್ಕರಿ ಕಾಯಿಲಿ ಬಂತು.

ಡಾಕ್ಟ್ರು ಸಮಾಧಾನದಿಂದ ತಿಳಿಸಿ ಹೇಳಿದ್ರು. ಕುಂತಾ ಇದ್ರ ಉಂಡದ್ದು ಖರ್ಚಾಗಂಗಿಲ್ಲಂತ, ಹೊಟ್ಟಿ ಸುತ್ತ ಕೊಬ್ಬು ಕೂಡತೈತಂತ. ರಕ್ತದಾಗ ಸಕ್ಕರಿ, ಇನ್ಸುಲಿನ್ ಏರತಾವ, ಅದರಿಂದ ಕರುಳಿನ್ಯಾಗ ಬ್ಯಾಡಾದ್ದು ಬೆಳಿಯಾಕ ಹಾದಿ ಆಗತೈತಂತ. "ಕುಂತೋರಿಗೆಲ್ಲ ಬರುತ್ತೆ ಅಂತಲ್ಲ, ನಡೆಯೋರಿಗೆ ಬರೋದೇ ಇಲ್ಲ ಅಂತಾನೂ ಅಲ್ಲ. ಆದ್ರೆ ಮೈಗೆ ಕೆಲಸ ಕೊಟ್ರೆ ಅಪಾಯ ಕಮ್ಮಿ. ಇನ್ಮೇಲೆ ದಿನಾ ನಡೀಬೇಕು."

"ಅಲ್ರಿ ಸರ, ಗಾದಿ ಬಿಟ್ಟು ಎದ್ರ ಲಕ್ಷ್ಮಿ ಎದ್ದು ಹೋಗ್ತಾಳ ಅಂತ ನಮ್ಮಪ್ಪ ಹೇಳ್ತಿದ್ದ."

"ಲಕ್ಷ್ಮಿ ಹೋದ್ರೆ ಮತ್ತೆ ಬರ್ತಾಳೆ ಯಜಮಾನ್ರೆ. ನೀವು ಹೋದ್ರೆ?"

ಬ್ಯಾರೆ ಕಂಪ್ನಿ

ಅವತ್ತಾ ಡಾಕ್ಟ್ರು 'ಮೆಟಾಬಾಲಿಸಮ್' ಅಂತ ಒಂದು ಮಾತಂದಿದ್ರು. ಉಂಡದ್ದನ್ನ ಮೈ ಶಕ್ತಿ ಮಾಡಿಕೊಂಡು ಖರ್ಚು ಮಾಡೋ ರೀತಿಗೆ ಹಂಗಂತಾರಂತ, ನಿಮ್ಮದು ಹದಗೆಟ್ಟೈತಿ ಅಂದ್ರು. ನಮ್ಮವರು ಕೇಳಿಸಿಕೊಂಡದ್ದು ಅರ್ಧ. ಊರಿಗೆ ಬಂದವರಾ ಸೀದಾ ಮೆಡಿಕಲ್ ಶಾಪಿಗೆ ಹೋದ್ರು.

"ಮೆಟಾಬಾಲಿಸಮ್ ಐತೇನ್ರಿ? ಒಂದು ತಿಂಗಳದ್ದು ಕೊಟ್ಟುಬಿಡ್ರಿ."

ಅಂಗಡಿಯವರು ಮ್ಯಾಲಿನ ಡಬ್ಬಿ, ಕೆಳಗಿನ ಡಬ್ಬಿ ಎಲ್ಲಾ ತಡಕಾಡಿ ಹೇಳಿದ್ರಂತ, "ಅದು ಖಾಲಿ ಆಗೈತ್ರಿ. ಅದಾ ಮಾಲು ಬ್ಯಾರೆ ಕಂಪ್ನೀದು ಐತಿ, ಕೊಡ್ಲೇನು?"

ದೂರ

ನಡೀತೀನಿ ಅಂದ್ರೂ ನಮ್ಮೂರ ಮಂದಿ ನಡಿಯಾಕ ಬಿಡಂಗಿಲ್ಲ. ಕೂಡ್ಲಿಗಿ ರಸ್ತಿ ಕಡಿ ಹೋಗಿ ಬರ್ರಿ ಅಂತ ಕಳಿಸಿದ್ರ, ಲಗೂನ ತಿರುಗಿ ಬಂದ್ರು. ಮುಖದ ಮ್ಯಾಲೆ ಒಂದು ಹನಿ ಬೆವರಿಲ್ಲ.

"ನಡದ್ರೇನ್ರಿ?"

"ನಡದೆ, ಓಣಿ ತುದಿತನಕ. ಅಲ್ಲಿ ನಮ್ಮ ಮೆಕ್ಯಾನಿಕ್ ಸಾಬ್ರು ಬೈಕ್ ನಿಲ್ಲಿಸಿ ಹತ್ರಿ ಹತ್ರಿ ಅಂದ್ರು. ಹಳೇ ಗಿರಾಕಿ, ಒಲ್ಲೆ ಅಂದ್ರ ಬ್ಯಾಸರ ಮಾಡಿಕೊಂತಾರ. ಬರುವಾಗ ಆಟೋದವ ಬಿಡಲಿಲ್ಲ."

ಇದು ಬಗೀಹರಿಯೋ ಮಾತಲ್ಲ ಅಂತ ಮರುದಿನದಿಂದ ನಾನೂ ಜೋಡಿ ಹೊಂಟೆ. ನಮ್ಮ ಕಡಿ ಹೊಂಟೋರನ್ನ 'ಎಲ್ಲಿಗೆ' ಅಂತ ಕೇಳಬಾರದು, ಹೋದ ಕೆಲಸ ಕೆಡತೈತಿ ಅಂತಾರ. 'ದೂರ ಹೊಂಟ್ರೇನು' ಅಂತ ಕೇಳೋದು ಮರ್ಯಾದಿ. ಆದ್ರ ಕ್ಯಾನ್ಸರ್ ಆಪರೇಷನ್ ಆದ ಮನುಷ್ಯನಿಗೆ ಸಿಕ್ಕಸಿಕ್ಕೋರೆಲ್ಲ "ದೂರ ಹೊಂಟ್ರೇನ್ರಿ?" ಅಂದ್ರ ನನ್ನ ಎದಿ ಝಲ್ ಅನ್ನತಿತ್ತು. ಅವರಿಗೂ ಹಂಗಾ ಆಗಿರಬೇಕು. ಒಂದಿನ ನಡುರಸ್ತ್ಯಾಗ ನಿಂತು, ಕೇಳಿದವನಿಗೆ ಕೈ ಮುಗಿದ್ರು.

"ಇಲ್ಲೋ ಮಾರಾಯ, ಇಲ್ಲೇ. ಸದ್ಯಕ್ಕ ದೂರ ಹೋಗೋ ವಿಚಾರ ಇಲ್ಲ."

ತವರು

ನಾನು ಸರಸರ ಮುಂದ, ಅವರು ಏದುಸಿರು ಬಿಟ್ಟುಕೊಂತ ಹಿಂದ. "ಲೇ, ನಿಲ್ಲಲೇ! ಸ್ವಲ್ಪ ತಡಿಯಲೇ!" ಅಂತ ಕೂಗೋರು. ನಾ ತಿರುಗಿ ನೋಡ್ತಿರಲಿಲ್ಲ. ನಾ ನಿಂತ್ರ ಅವರು ಕುಂದರ್ತಾರಲ್ಲ! ಸ್ವಲ್ಪ ದಿನದಾಗ ಹರಪನಹಳ್ಳಿಯಿಂದ ನನ್ನ ತಮ್ಮ ಗಾಬರಿಯಿಂದ ಫೋನ್ ಮಾಡಿದ.

"ಅಕ್ಕಾ, ಸಿಟ್ಟು ಮಾಡಿಕೊಂಡು ಮನಿ ಬಿಟ್ಟು ಹೊಂಟಿದ್ಯಂತೆ? ಭಾವ ನಿಲ್ಲು ನಿಲ್ಲು ಅಂತ ಬೇಡಿಕೊಂಡು ಹಿಂದೆ ಬರ್ತಿದ್ರಂತೆ?"

"ಥೂ ಹುಚ್ಚ! ಅವರ ಆರೋಗ್ಯಕ್ಕ ನಡೀತೀವೋ. ದಿನಾ ನಡೀಬೇಕಂತ ಡಾಕ್ಟ್ರು ಹೇಳ್ಯಾರ."

ಅವನಿಗೆ ಸಮಾಧಾನ ಆತು. ಫೋನ್ ಇಡೋ ಮುಂದ ಕೇಳಿದ, "ಅಲ್ಲಕ್ಕಾ, ಅಷ್ಟು ದೂರ ಯಾಕೆ ನಡೀತೀರಿ? ಕಾರು ಕಳಿಸ್ಲಾ?"

ಮೋರಿ ಕಟ್ಟಿ

ಒಂದು ಮುಂಜಾನಿ ಮೋರಿ ಕಟ್ಟಿ ಮ್ಯಾಲೆ ಕುಂತವರು ಏಳಲೇ ಇಲ್ಲ. "ಎಷ್ಟು ನಡದ್ರೇನು, ಬರೋದಿದ್ರ ಬಂದಾ ಬರ್ತೈತಿ. ಸುಮ್ನ ಯಾಕ ನನ್ನ ಕಾಲು ಸವಸ್ತೀ?" ಅಂದ್ರು. ಅಷ್ಟು ವರ್ಷದಾಗ ಅವರು ಅಂಜಿದ್ದು ನಾ ನೋಡಿರಲಿಲ್ಲ. ನನಗ ಸಿಟ್ಟೂ ಬಂತು, ಅಳೂ ಬಂತು.

"ಬರಂಗಿಲ್ಲ ಅಂತ ನನಗ ಯಾರು ಬರಕೊಟ್ಟಾರ? ನಮ್ಮ ಕೈಲಾಗೋದು ಇಷ್ಟಾ ಐತಿ, ಇಷ್ಟರ ಮಾಡೋಣು. ನೀವಾ ಇಲ್ಲ ಅಂದಮ್ಯಾಲೆ ಆ ಅಂಗಡಿ, ಆ ಗಾದಿ ತಗೊಂಡು ನಾ ಏನ್ ಮಾಡ್ಲಿ?"

ಅವರು ನನ್ನ ಸೆರಗಿನಿಂದಾ ನನ್ನ ಕಣ್ಣು ಒರಸಿ ಎದ್ದು ನಿಂತ್ರು.

"ನಡಿ, ನಡಿ. ನೀ ಗಾದಿ ಮ್ಯಾಲೆ ಕುಂತ್ರ ಬಂದೋರಿಗೆಲ್ಲ ಡಿಸ್ಕೌಂಟ್ ಕೊಟ್ಟು ಅಂಗಡಿ ಮುಳುಗಸ್ತೀ."

ಬೆಂಚು

ಮೊನ್ನೆ ತಪಾಸಣಿ ಇತ್ತು. ಅವತ್ತು ಕ್ಯಾಮೆರಾ ಹಾಕಿ ಕರುಳು ನೋಡಿದ್ರು, ಏನಾತು ಅಂತ ಕೇಳಾಕ ಮರುದಿನ ಹೋದ್ವಿ. ಡಾಕ್ಟ್ರು ಕರೆದಾಗ ನಮ್ಮವರು ಒಳಗ ಬರಲಿಲ್ಲ. "ನೀ ಕೇಳಿಕೊಂಡು ಬಾ. ನನ್ನ ಕೈಲಿ ಆಗಂಗಿಲ್ಲ" ಅಂದು ಆ ಗೋಡಿಯಿಂದ ಈ ಗೋಡಿಗೆ ತಿರುಗಾಡಾಕ ಹತ್ತಿದ್ರು. ನರ್ಸಮ್ಮ "ಅಜ್ಜಾರ, ಕುಂದರ್ರಿ" ಅಂದ್ರ, "ಬ್ಯಾಡವ್ವ, ನಮ್ಮ ಮನಿಯಾಕಿ ಬೈತಾಳ" ಅಂದ್ರು.

ಒಳಗ ಡಾಕ್ಟ್ರು ನಗಕೊಂತ ಹೇಳಿದ್ರು, "ಏನೂ ಇಲ್ಲ ತಾಯಿ, ಕರುಳು ಚೊಕ್ಕವಾಗಿದೆ. ನಡಿಯೋದು ಬಿಡಬೇಡಿ, ತಪಾಸಣೆ ತಪ್ಪಿಸಬೇಡಿ."

ಕೈ ಮುಗಿದು ಹೊರಗ ಬಂದೆ. ದೇವ್ರೇ, ಎಷ್ಟು ಖುಷಿ ಆಗಿತ್ತಂದ್ರ ಕಣ್ಣೀರು ನಿಲ್ಲವೊಲ್ಲದು. ಪಾಪ, ಎಷ್ಟು ದಿನದಿಂದ ಈ ಮನುಷ್ಯನ್ನ ಕುಂದ್ರಾಕ ಬಿಟ್ಟಿಲ್ಲ ಅನ್ನಿಸ್ತು. ಅವರ ಕೈ ಹಿಡಕೊಂಡು, ಬೆಂಚು ತೋರಿಸಿ, ಅಳಕೊಂತಾ ಅಂದೆ.

"ಬರ್ರಿ, ಕುಂದರ್ರಿ."

ಅವರ ಮುಖ ಬಿಳಿಚಿ ಹೋತು. ಗಪ್ಪನ ಗೋಡಿ ಹಿಡಕೊಂಡ್ರು.

"ಕುಂದರು ಅಂತೀಯಲ್ಲಲೇ... ಡಾಕ್ಟ್ರು ಕೈ ಬಿಟ್ರೇನು?"